ಆಲ್ಪ್ಸ್ ತಪ್ಪಲಿನ ಇಟಾಲಿಯನ್ ಕೆಂಪು ವೈನ್: ಯಾವ ಊಟಕ್ಕೆ ಯಾವ ಬಾಟಲಿ?

ಉತ್ತರ ಇಟಲಿಯ ಬೆಟ್ಟಗಳಿಗೆ ಪ್ರವಾಸ ಹೊರಟವರು, ಮ್ಯೂನಿಕ್‌ನಲ್ಲೋ ಜ್ಯೂರಿಕ್‌ನಲ್ಲೋ ಕೆಲಸಕ್ಕಿದ್ದು ವಾರಾಂತ್ಯಕ್ಕೆ ಬೊಲ್ಜಾನೊ ಕಡೆ ಕಾರು ತಿರುಗಿಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಂಗಡಿ ತುಂಬ ಕೆಂಪು ವೈನ್ ಇದೆ, ಒಂದರ ಹೆಸರೂ ಕೇಳಿದ್ದಲ್ಲ. ಯಾವುದು ತಗೊಳ್ಳೋದು?" ಕಿಯಾಂತಿ, ಬರೋಲೊ ಥರದ ಇಟಲಿಯ ಹೆಸರಾಂತ ಕೆಂಪು ವೈನ್‌ಗಳ ಪರಿಚಯವಿದ್ದವರೂ ಇಲ್ಲಿ ತಡವರಿಸುತ್ತಾರೆ. ಒಂದೇ ವೈನಿಗೆ ಜರ್ಮನ್ ಹೆಸರೊಂದು, ಇಟಾಲಿಯನ್ ಹೆಸರೊಂದು ಬೇರೆ. ಕೊನೆಗೆ ಬಹಳಷ್ಟು ಜನ ಬೆಲೆಚೀಟಿ ನೋಡಿ, ಜಾಸ್ತಿ ದುಡ್ಡಿನದೇ ಒಳ್ಳೆಯದಿರಬೇಕು ಅಂತ ಎತ್ತಿಕೊಂಡು ಬರುತ್ತಾರೆ.

ಈ ಬೆಟ್ಟಗಳ ವೈನಿನ ಮಟ್ಟಿಗೆ ಅದಕ್ಕಿಂತ ಕೆಟ್ಟ ದಾರಿ ಇಲ್ಲ. ಇಲ್ಲಿನ ದುಬಾರಿ ಬಾಟಲಿಗಳು ಒಂದೆರಡು ಬಗೆಯ ಊಟಕ್ಕೆ ಮಾತ್ರ ಒಗ್ಗುತ್ತವೆ. ಅಗ್ಗದ ಬಾಟಲಿ ಹೆಚ್ಚಿನ ತಟ್ಟೆಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ನನ್ನ ಒಲವು ಯಾವ ಕಡೆ ಅನ್ನುವುದು ಮೊದಲೇ ಗೊತ್ತಿರಲಿ ಅಂತ ಹೇಳಿದೆ. ಈಗ ಲೆಕ್ಕಕ್ಕೆ ಬರೋಣ.

ಏನನ್ನು ನೋಡಿ ಆರಿಸಬೇಕು

ಮೊದಲು ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಇದಕ್ಕೆ ಕಾರಣ. ಪೂರ್ತಿ ಹಣ್ಣಾಗದ ನೇರಳೆ ತಿಂದರೆ ನಾಲಿಗೆ ಒರಟಾಗಿ ಬಾಯಿ ಒಣಗುತ್ತದಲ್ಲ, ಅದೇ ಅನುಭವ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ. ಬಾಯಲ್ಲಿ ಚೀಸ್, ಮಾಂಸ ಇದ್ದರೆ ಟ್ಯಾನಿನ್ ಅಲ್ಲೂ ಹಂಚಿಹೋಗುತ್ತದೆ, ನಾಲಿಗೆ ಬಚಾವಾಗುತ್ತದೆ. ಆದ್ದರಿಂದ ಒಗರು ಹೆಚ್ಚಿರುವ ವೈನಿಗೆ ಎದುರು ಬೆಣ್ಣೆ, ಚೀಸ್, ಮಾಂಸ ಇರಲೇಬೇಕು. ಬರೀ ಸೊಪ್ಪು, ತರಕಾರಿ, ಮೀನು ಇಟ್ಟುಕೊಂಡು ಅಂಥ ವೈನ್ ಕುಡಿದರೆ ಉಳಿಯುವುದು ಕಹಿ.

ಎರಡನೆಯದು ಹುಳಿ. ಆಲ್ಪ್ಸ್ ಕಣಿವೆಗಳಲ್ಲಿ ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿ ಬೆಟ್ಟದಿಂದ ತಣ್ಣನೆ ಗಾಳಿ ಇಳಿಯುತ್ತದೆ. ಸಕ್ಕರೆ ಕೂಡಿಕೊಂಡರೂ ಹಣ್ಣಿನಲ್ಲಿ ಹುಳಿ ಉಳಿದುಕೊಳ್ಳುತ್ತದೆ. ಬೆಣ್ಣೆ ಎಣ್ಣೆಯ ಜಿಡ್ಡನ್ನು ಬಾಯಿಂದ ತೊಳೆದು ಮುಂದಿನ ತುತ್ತಿಗೆ ಅಣಿಮಾಡುವುದು ಈ ಹುಳಿಯೇ. ಟೊಮೇಟೊ, ಹುಣಸೆ ಹಾಕಿದ ಅಡುಗೆಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆಯಾಗಿ ಬಿದ್ದುಹೋಗುತ್ತದೆ.

ಮೂರನೆಯದು ಮದ್ಯಾಂಶ. ಈ ಪ್ರದೇಶದಲ್ಲೇ ಶೇ 12ರಿಂದ 15ರವರೆಗೆ ವ್ಯತ್ಯಾಸವಿದೆ. ಊಟದಲ್ಲಿ ಖಾರ ಇದ್ದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದೇ. ಮದ್ಯಾಂಶ ಏರಿದಷ್ಟೂ ಮೆಣಸಿನಕಾಯಿಯ ಉರಿ ಏರುತ್ತದೆ, ಒಗರೂ ಸೇರಿಕೊಂಡರೆ ಕೇಳುವುದೇ ಬೇಡ.

ಆಮೇಲೆ ಬೆಲೆ. ಮುಂದೆ ಕೊಟ್ಟಿರುವುದೆಲ್ಲ ಇಟಲಿಯ ಅಂಗಡಿಗಳಲ್ಲಿನ ಅಂದಾಜು ದರ.

ಬಣ್ಣದ ವಿಚಾರದಲ್ಲಿ ಒಂದು ಎಚ್ಚರಿಕೆ. ಕಡುಬಣ್ಣ ಇದ್ದರೆ ಗಡಸು, ತಿಳಿಬಣ್ಣ ಇದ್ದರೆ ಮೃದು ಅನ್ನುವ ಲೆಕ್ಕ ಇಲ್ಲಿ ಎಷ್ಟೋ ಸಲ ತಲೆಕೆಳಗು. ಗ್ಲಾಸಿನ ಆಚೆಗಿನ ಬೆರಳು ಕಾಣುವಷ್ಟು ತಿಳಿಯಾದ ನೆಬ್ಬಿಯೋಲೊ ದ್ರಾಕ್ಷಿಯ ವೈನ್ ಬಾಯಿ ಕಟ್ಟಿಬಿಡುತ್ತದೆ. ಮಸಿಯಷ್ಟು ಕಪ್ಪಾದ ಟೆರೊಲ್ಡೆಗೊ ದ್ರಾಕ್ಷಿಯದು ಸಲೀಸಾಗಿ ಇಳಿಯುತ್ತದೆ.

ಸ್ಕಿಯಾವಾ: ಯೋಚನೆ ಬೇಡದ ಆಯ್ಕೆ

ಬೊಲ್ಜಾನೊ ಸುತ್ತಲಿನ ಆಲ್ಟೊ ಅದಿಜೆ, ಅಂದರೆ ದಕ್ಷಿಣ ಟಿರೋಲ್, ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಅಲ್ಲಿ ಇವತ್ತಿಗೂ ಹೆಚ್ಚಿನವರ ಮನೆಮಾತು ಜರ್ಮನ್. ಹಾಗಾಗಿ ಲೇಬಲ್ ಮೇಲೆ ಸ್ಕಿಯಾವಾ ಅಂತಿದ್ದರೂ ಫೆರ್ನಾಚ್ ಅಂತಿದ್ದರೂ ದ್ರಾಕ್ಷಿ ಒಂದೇ. ಅದರ ಒಂದು ಬಗೆ ಜರ್ಮನಿಯಲ್ಲಿ ಟ್ರೋಲಿಂಗರ್ ಎಂಬ ಹೆಸರಲ್ಲಿ ಸಿಗುತ್ತದೆ. ಹಣ್ಣಾಗಿಯೂ ತಿನ್ನಲು ಚೆನ್ನ. 19ನೆಯ ಶತಮಾನದಲ್ಲಿ ಮೆರಾನೊ ಪಟ್ಟಣಕ್ಕೆ ಹವಾ ಬದಲಾವಣೆಗೆ ಬರುತ್ತಿದ್ದ ಸಿರಿವಂತರಿಗೆ ವೈದ್ಯರು ಇದನ್ನೇ ಔಷಧವೆಂದು ತಿನ್ನಿಸುತ್ತಿದ್ದರು. ಕಾಯಿಲೆ ವಾಸಿಯಾಯಿತೋ ಇಲ್ಲವೋ, ಊರಿಗಂತೂ ಹೆಸರು ಬಂತು.

ಬಣ್ಣ ತಿಳಿಗೆಂಪು, ಒಗರು ಇಲ್ಲವೆನ್ನುವಷ್ಟು ಕಡಿಮೆ, ಮದ್ಯಾಂಶ ಶೇ 12ರಿಂದ 13. ಮೂಗಿಗೆ ಸ್ಟ್ರಾಬೆರಿ, ಚೆರ್ರಿ, ನುಂಗಿದ ಮೇಲೆ ಬಾದಾಮಿಯ ಸಣ್ಣ ಕಹಿ. ಒಂದು ಕಾಲಕ್ಕೆ ಆ ಪ್ರಾಂತ್ಯದ ಅರ್ಧಕ್ಕಿಂತ ಹೆಚ್ಚು ತೋಟಗಳಲ್ಲಿ ಇದೇ ಇತ್ತು. ಜಾಸ್ತಿ ಇಳುವರಿಯ ಆಸೆಗೆ ಬಿದ್ದು ನೀರುನೀರಾದ ವೈನನ್ನು ಲೀಟರುಗಟ್ಟಲೆ ಉತ್ತರದ ದೇಶಗಳಿಗೆ ಸಾಗಿಸಿ ಹೆಸರು ಕೆಡಿಸಿಕೊಂಡಿತು. ಈಗ ಉಳಿದಿರುವುದು ಹತ್ತನೇ ಒಂದು ಪಾಲಿನಷ್ಟು. ಆದರೆ ಉಳಿದದ್ದು ಬಹುಪಾಲು ಒಳ್ಳೆಯ ಇಳಿಜಾರಿನ ಹಳೆಯ ಬಳ್ಳಿಗಳು, ಗುಣಮಟ್ಟದ ಬಗ್ಗೆ ಅನುಮಾನ ಬೇಡ.

ಸಾಂತಾ ಮದ್ದಲೇನಾ ಎಂದಿದ್ದರೆ ಬೊಲ್ಜಾನೊ ಪಕ್ಕದ ಗುಡ್ಡದ್ದು. ಅದಕ್ಕೆ ವಾಡಿಕೆಯಂತೆ ಲಾಗ್ರೈನ್ ಎಂಬ ಕಡುಬಣ್ಣದ ದ್ರಾಕ್ಷಿ ಒಂದಿಷ್ಟು ಸೇರಿರುತ್ತದೆ, ಹಾಗಾಗಿ ತುಸು ಗಟ್ಟಿ. ಕಾಲ್ದಾರೊ ಕೆರೆಯ ಸುತ್ತಿನದು ಇನ್ನೂ ಹಗುರ. ಎರಡೂ 9ರಿಂದ 15 ಯೂರೋ ಒಳಗೆ ಸಿಗುತ್ತವೆ. ಈ ಪ್ರಾಂತ್ಯದ ಸುಮಾರು ಶೇ 70ರಷ್ಟು ವೈನ್ ತಯಾರಾಗುವುದು ಬೆಳೆಗಾರರ ಸಹಕಾರ ಸಂಘಗಳಲ್ಲಿ, ಸಂಘದ ಬಾಟಲಿ ಅಂತ ಮೂಗು ಮುರಿಯಬೇಕಿಲ್ಲ. ಗ್ರೀಸ್ ಮತ್ತು ಸಾಂತಾ ಮದ್ದಲೇನಾ ಸಂಘಗಳು 2001ರಲ್ಲಿ ಒಂದಾಗಿ ಆದ ಕಾಂತೀನಾ ಬೊಲ್ಜಾನೊದ ಬಾಟಲಿಯಿಂದಲೇ ಶುರು ಮಾಡಬಹುದು.

ಊರಿನವರು ಇದನ್ನು ಕುಡಿಯುವುದು ಸ್ಪೆಕ್ ಜೊತೆ: ಹಗುರಾಗಿ ಹೊಗೆ ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿತೊಡೆಯ ತೆಳು ಹೋಳು, ಅಂಚಿನಲ್ಲಿ ಬಿಳಿ ಕೊಬ್ಬಿನ ಪಟ್ಟಿ, ಪಕ್ಕದಲ್ಲಿ ಮುರಿದರೆ ಸದ್ದಾಗುವ ರೈ ಹಿಟ್ಟಿನ ಗರಿಗರಿ ರೊಟ್ಟಿ. ಸ್ಪೆಕ್‌ನ ಉಪ್ಪಿಗೆ ಒಗರು ವೈನ್ ಕೊಟ್ಟರೆ ಎರಡೂ ಕೆಡುತ್ತವೆ, ಸ್ಕಿಯಾವಾ ಕೊಟ್ಟರೆ ಹಣ್ಣಿನ ಸಿಹಿ ಮುಂದೆ ಬರುತ್ತದೆ. ಹಳೆ ಬ್ರೆಡ್ ನೆನೆಸಿ ಕಟ್ಟಿದ ಉಂಡೆಯನ್ನು ಸಾರಿನಲ್ಲಿ ಬಿಟ್ಟುಕೊಡುವ ಕನೇದರ್ಲಿಗೂ, ಅಕ್ಟೋಬರ್ ನವೆಂಬರಿನಲ್ಲಿ ರೈತರ ಮನೆಗಳಲ್ಲಿ ನಡೆಯುವ ಟೋರ್ಗೆಲೆನ್ ಊಟದ ಸುಟ್ಟ ಚೆಸ್ಟ್‌ನಟ್‌ಗೂ ಇದೇ. ಫ್ರಿಜ್‌ನಲ್ಲಿಟ್ಟು 12ರಿಂದ 14 ಡಿಗ್ರಿಗೆ ತಂದು ಕುಡಿಯಿರಿ. ಕೆಂಪು ವೈನ್ ತಣ್ಣಗೆ ಕುಡಿಯಬಾರದು ಅನ್ನುವ ಮಾತು ಇದಕ್ಕೆ ಅನ್ವಯಿಸುವುದಿಲ್ಲ.

ಇದು ಸೋಲುವುದು ಎಲ್ಲಿ ಅಂದರೆ ಗಂಟೆಗಟ್ಟಲೆ ಬೇಯಿಸಿದ ಮಾಂಸದ ಮುಂದೆ. ಅಲ್ಲಿ ಕಾಣೆಯಾಗಿಬಿಡುತ್ತದೆ. ವರ್ಷಗಟ್ಟಲೆ ಇಡಲೂ ಹೋಗಬೇಡಿ, ಎರಡು ಮೂರು ವರ್ಷದೊಳಗೆ ಮುಗಿಸಿ.

ಟೆರೊಲ್ಡೆಗೊ ಮತ್ತು ಲಾಗ್ರೈನ್: ಕಪ್ಪು ಜೋಡಿ

ಡಿಎನ್ಎ ಪರೀಕ್ಷೆಯ ಪ್ರಕಾರ ಟೆರೊಲ್ಡೆಗೊ ಲಾಗ್ರೈನ್‌ನ ಹೆತ್ತ ಬಳ್ಳಿಗಳಲ್ಲೊಂದು, ಸಿರಾ ದ್ರಾಕ್ಷಿಗೂ ನಂಟಿನದು. ಟ್ರೆಂಟೊ ನಗರದ ಉತ್ತರಕ್ಕೆ, ನೋಚೆ ಹೊಳೆ ಅದಿಜೆಯನ್ನು ಸೇರುವಲ್ಲಿ ರೊಟಾಲಿಯಾನಾ ಎಂಬ ಚಪ್ಪಟೆ ಬಯಲಿದೆ. ಸುತ್ತ ಎದ್ದು ನಿಂತ ಸುಣ್ಣಕಲ್ಲಿನ ಗೋಡೆ, ಕೆಳಗೆ ಹೊಳೆ ತಂದು ಹಾಕಿದ ಉರುಟುಕಲ್ಲು. ಮೆಜ್ಜೊಲೊಂಬಾರ್ದೊ, ಮೆಜ್ಜೊಕೊರೋನಾ ಎಂಬ ಎರಡು ಊರುಗಳ ಸುತ್ತಮುತ್ತ ಬೆಳೆಯುವ ಈ ವೈನಿಗೆ 1971ರಲ್ಲಿ ಪ್ರದೇಶದ ಅಧಿಕೃತ ಗುರುತು ಸಿಕ್ಕಿತು. ಬೆಟ್ಟದ ವೈನ್ ಅಂದರೂ ಬಯಲಿನಲ್ಲಿ ಬೆಳೆಯುವುದರಿಂದ ಕೆಲಸ ಸುಲಭ, ಬೆಲೆಯೂ ಕಡಿಮೆ: ಸಾಮಾನ್ಯ ಬಾಟಲಿ 8ರಿಂದ 14 ಯೂರೋ. ಎಲಿಸಬೆತ್ತಾ ಫೊರಾದೋರಿ ಎಂಬಾಕೆ 1980ರ ದಶಕದಿಂದ ಹಳೆಯ ಬಳ್ಳಿಗಳನ್ನು ಹುಡುಕಿ ಆರಿಸಿ, ಮುಂದೆ ಮಣ್ಣಿನ ಹಂಡೆಗಳಲ್ಲೂ ವೈನ್ ಮಾಡಿ ಈ ದ್ರಾಕ್ಷಿಯ ಘನತೆ ಏರಿಸಿದರು. ಅವರ ಮೇಲ್ದರ್ಜೆಯ ಬಾಟಲಿಗಳು ಬೇರೆಯೇ ಬೆಲೆಯವು.

ರುಚಿಯಲ್ಲಿ ಕಪ್ಪು ಬೆರಿಹಣ್ಣು, ಹಸಿ ಗಿಡಮೂಲಿಕೆ, ಚುರುಕಾದ ಹುಳಿ, ಬಣ್ಣ ಹೆದರಿಸಿದಷ್ಟು ಒಗರಿಲ್ಲ. ಸಾಸೇಜ್ ಮತ್ತು ಪೊಲೆಂಟಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ), ಅಣಬೆ, ಟೊಮೇಟೊ ಸಾಸಿನ ಪಾಸ್ತಾ, ಪಿಜ್ಜಾ ಎಲ್ಲಕ್ಕೂ ನಡೆಯುತ್ತದೆ. ಹತ್ತು ಜನ ಸೇರುವ ಕೂಟಕ್ಕೆ ಒಂದೇ ಬಗೆ ತರಬೇಕು, ಯಾರಿಗೇನು ಇಷ್ಟವೋ ಗೊತ್ತಿಲ್ಲ ಅಂದರೆ ಇದನ್ನೇ ತನ್ನಿ.

ಲಾಗ್ರೈನ್ ಬೊಲ್ಜಾನೊ ನಗರದ ಗ್ರೀಸ್ ಬಡಾವಣೆಯದು. ಅಲ್ಲಿ ಮನೆಗಳ ನಡುವೆಯೇ ತೋಟಗಳಿವೆ, ಮೂರಿ ಗ್ರೀಸ್ ಮಠದ ಸನ್ಯಾಸಿಗಳ ವೈನ್ ಹೆಸರುವಾಸಿ. ಟೆರೊಲ್ಡೆಗೊಗಿಂತ ಮೈ ತುಂಬಿದ್ದು, ಚಾಕೊಲೇಟ್, ವಯೊಲೆಟ್ ಹೂವಿನ ಘಮ, ಕೊನೆಯಲ್ಲಿ ಎದ್ದು ಕಾಣುವ ಕಹಿ. ಆ ಕಹಿ ಕೆಲವರಿಗೆ ಬಹಳ ಇಷ್ಟ, ನನಗೆ ಅಷ್ಟಕ್ಕಷ್ಟೆ. ಸಾದಾ ಬಾಟಲಿ 12ರಿಂದ 18 ಯೂರೋ, ಹೆಚ್ಚು ಕಾಲ ಮಾಗಿಸಿದ ರಿಸೆರ್ವಾ 20ರ ಮೇಲೆ. ಜಿಂಕೆ ಮಾಂಸ, ಸುಟ್ಟ ಗೋಮಾಂಸ, ಹಳೆಯ ಗಟ್ಟಿ ಚೀಸ್ ಇದ್ದರೆ ತೆಗೆಯಿರಿ. ಲೇಬಲ್ ಮೇಲೆ ಕ್ರೆಟ್ಸರ್ ಎಂದಿದ್ದರೆ ಅದು ಗುಲಾಬಿ ವೈನ್, ಡುಂಕೆಲ್ ಎಂದರೆ ಕಪ್ಪಿನದು.

ವಾಲ್ತೆಲ್ಲೀನಾ: ತಾಳ್ಮೆ ಇದ್ದವರಿಗೆ

ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿ ಬರ್ನೀನಾ ರೈಲು ಹತ್ತಿ ತಿರಾನೊವರೆಗೆ ಇಳಿದು, ಒಂದು ಪಿಜ್ಜಾ ತಿಂದು ಅದೇ ದಿನ ವಾಪಸ್ ಹೋದ ಕನ್ನಡಿಗರು ಬೇಕಾದಷ್ಟಿದ್ದಾರೆ. ಆ ಪಿಜ್ಜಾ ಅಂಗಡಿಯಿಂದ ತಲೆಯೆತ್ತಿದರೆ ಕಾಣುವ ಕಣಿವೆಯೇ ವಾಲ್ತೆಲ್ಲೀನಾ. ಆಡ್ಡಾ ನದಿ ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಉತ್ತರ ದಂಡೆಯ ಇಳಿಜಾರು ಪೂರ್ತಿ ದಕ್ಷಿಣಕ್ಕೆ ಮುಖ ಮಾಡಿದೆ, ದಿನವಿಡೀ ಬಿಸಿಲು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳ ಮೆಟ್ಟಿಲು ಮೆಟ್ಟಿಲಾದ ತೋಟಗಳು. ಆ ಗೋಡೆಗಳನ್ನು ಒಂದಕ್ಕೊಂದು ಜೋಡಿಸಿದರೆ 2,500 ಕಿಲೋಮೀಟರ್ ಆಗುತ್ತದೆ ಎನ್ನುತ್ತಾರೆ. ಹೀಗೆ ಒಣಗಲ್ಲಿನ ಗೋಡೆ ಕಟ್ಟುವ ಕಲೆ 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಇಟಲಿಯೂ ಆ ಪಟ್ಟಿಯಲ್ಲಿದೆ. 1512ರಿಂದ 1797ರವರೆಗೆ ಕಣಿವೆಯನ್ನು ಆಳಿದ್ದು ಇಂದಿನ ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್‌ನವರು. ಪೀಪಾಯಿಗಳು ಆಗಲೇ ಬೆಟ್ಟ ದಾಟಿ ಉತ್ತರಕ್ಕೆ ಹೋಗುತ್ತಿದ್ದವು.

ದ್ರಾಕ್ಷಿ ಬರೋಲೊದ ನೆಬ್ಬಿಯೋಲೊವೇ, ಊರಿನವರ ಬಾಯಲ್ಲಿ ಕಿಯಾವೆನ್ನಾಸ್ಕಾ. ಆದರೆ ಬರೋಲೊಗಿಂತ ಮೈ ಸಪೂರ, ಹುಳಿ ಚುರುಕು. ಮೂಗಿಗೆ ಒಣಗಿದ ಗುಲಾಬಿ, ಕೆಂಪು ಚೆರ್ರಿ, ಮಳೆ ಬಿದ್ದ ಕಲ್ಲಿನ ವಾಸನೆ. ಮೊದಲ ಗುಟುಕಿಗೆ ಇಷ್ಟವಾಗುವ ವೈನ್ ಅಲ್ಲ ಇದು, ಬಾಯಿ ಒಣಗಿಸಿ ಸುಮ್ಮನಾಗುತ್ತದೆ. ಬಾಟಲಿ ಒಂದು ಗಂಟೆ ಮೊದಲೇ ತೆರೆದಿಡಿ, 16ರಿಂದ 18 ಡಿಗ್ರಿ ಇರಲಿ, ಎದುರಿಗೆ ಪಿಜ್ಜೋಕ್ಕೆರಿ ಇರಲಿ.

ಪಿಜ್ಜೋಕ್ಕೆರಿ ಬಗ್ಗೆ ನಿಂತು ಹೇಳಲೇಬೇಕು, ಯಾಕೆಂದರೆ ಈ ವೈನ್ ಅರ್ಥವಾಗುವುದು ಅದರ ಜೊತೆಗೇ. ತೆಲ್ಯೊ ಎಂಬ ಊರಿನ ಪಾಕದಲ್ಲಿ 400 ಗ್ರಾಂ ಬಕ್‌ವೀಟ್ ಹಿಟ್ಟಿಗೆ 100 ಗ್ರಾಂ ಗೋಧಿ ಹಿಟ್ಟು. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಅಂದರೆ ಇದೇ ಬಕ್‌ವೀಟ್. ಹಿಟ್ಟು ಕಲಸಿ, ಲಟ್ಟಿಸಿ, ಗಿಡ್ಡ ಪಟ್ಟಿಗಳಾಗಿ ಕೊಯ್ದರೆ ಬೂದುಬಣ್ಣದ, ಮುಟ್ಟಿದರೆ ತರಿತರಿಯಾದ ಪಾಸ್ತಾ. ಕುದಿವ ಉಪ್ಪುನೀರಿಗೆ ಆಲೂಗಡ್ಡೆ ಮತ್ತು ಕೋಸು, ಆಮೇಲೆ ಪಾಸ್ತಾ. ಬೆಂದದ್ದನ್ನು ತೂತುಸೌಟಿನಲ್ಲಿ ಎತ್ತಿ ಬಿಸಿ ಪಾತ್ರೆಗೆ ಒಂದು ಪದರ, ಮೇಲೆ ಕಸೇರಾ ಚೀಸ್ ಮತ್ತು ತುರಿದ ಗ್ರಾನಾ, ಮತ್ತೆ ಪಾಸ್ತಾ, ಮತ್ತೆ ಚೀಸ್. ಕೊನೆಗೆ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಕಾಯಿಸಿದ ಬೆಣ್ಣೆಯನ್ನು ಚುರ್ ಎನ್ನುವಂತೆ ಸುರಿಯುತ್ತಾರೆ. ಕಲಸುವ ಹಾಗಿಲ್ಲ. ಒಂದು ತುತ್ತು ತಿಂದು ಅದೇ ವೈನನ್ನು ಮತ್ತೆ ಕುಡಿದು ನೋಡಿ. ಬಾಯಿ ಕಟ್ಟಿದ್ದ ಒಗರು ಚೀಸಿಗೆ ಹೋಗಿ ಅಂಟಿರುತ್ತದೆ, ಹುಳಿ ಬೆಣ್ಣೆಯನ್ನು ತೊಳೆದಿರುತ್ತದೆ, ಅಷ್ಟು ಹೊತ್ತು ಅಡಗಿದ್ದ ಚೆರ್ರಿ ಆಗ ಸಿಗುತ್ತದೆ.

ಇದು ಮಾಂಸವಿಲ್ಲದ ಊಟ, ಹಾಗಾಗಿ ಸಸ್ಯಾಹಾರಿಗಳಿಗೆ ಈ ಕಣಿವೆ ವಾಸಿ. ಆದರೆ ಕಸೇರಾ ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅದನ್ನು ಒಪ್ಪದವರು ತಿಳಿದಿರಬೇಕು.

ಬಾಟಲಿ ಆರಿಸುವಾಗ ಮೂರು ಮೆಟ್ಟಿಲು. ರೊಸ್ಸೊ ದಿ ವಾಲ್ತೆಲ್ಲೀನಾ ಎಳೆಯದು, 15ರಿಂದ 22 ಯೂರೋ, ಒಗರು ಹಿಡಿತದಲ್ಲಿರುತ್ತದೆ. ಒಣಗಿಸಿದ ಗೋಮಾಂಸದ ತೆಳು ಹೋಳಾದ ಬ್ರೆಸವೋಲಾಗೆ ಇದು ಸರಿ. ಅದರ ಮೇಲೆ ನಿಂಬೆ ಹಿಂಡಬೇಡಿ, ವೈನ್ ಸಪ್ಪೆಯಾಗುತ್ತದೆ. ಮೇಲಿನದು ಸುಪೆರಿಯೋರೆ: ಕನಿಷ್ಠ ಶೇ 90 ನೆಬ್ಬಿಯೋಲೊ, ಎರಡು ವರ್ಷ ಮಾಗಬೇಕು, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಯಲ್ಲಿ. 20ರಿಂದ 40 ಯೂರೋ. ಅದರೊಳಗೆ ಐದು ಉಪವಲಯಗಳಿವೆ. ಸಾಸ್ಸೆಲ್ಲಾ ಕಲ್ಲುಬಂಡೆಯ ಕಡಿದಾದ ಜಾಗ, ವೈನೂ ಬಿಗಿ, ವರ್ಷಗಟ್ಟಲೆ ಬಾಳುತ್ತದೆ. ಗ್ರುಮೆಲ್ಲೊ ಮೃದು, ಬೇಗ ಕುಡಿಯಬಹುದು. ಇನ್‌ಫೆರ್ನೊ ಅಂದರೆ ನರಕ, ಆ ಹೆಸರು ಬಂದದ್ದು ಬೇಸಿಗೆಯ ಸೆಕೆಯಿಂದ. ಪೂರ್ವದ ವಾಲ್ಜೆಲ್ಲಾ ತಂಪು, ಹಗುರ. ಮರೋಜ್ಜಾ ತುಂಬ ಚಿಕ್ಕದು. ಅರ್ ಪೆ ಪೆ, ನಿನೊ ನೆಗ್ರಿ, ರೈನೋಲ್ದಿ, ಸಾಂದ್ರೊ ಫಾಯ್ ಈ ತಯಾರಕರಲ್ಲಿ ಯಾರ ಹೆಸರು ಕಂಡರೂ ಧೈರ್ಯವಾಗಿ ಕೊಳ್ಳಬಹುದು. ಟ್ರ್ಯಾಕ್ಟರ್ ಹೋಗದ ಇಳಿಜಾರಿನಲ್ಲಿ ಎಲ್ಲವೂ ಕೈಕೆಲಸ, ಕೆಲವೆಡೆ ದ್ರಾಕ್ಷಿ ಬುಟ್ಟಿಗಳನ್ನು ಹೆಲಿಕಾಪ್ಟರಿನಲ್ಲಿ ಇಳಿಸುತ್ತಾರೆ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಆ ಕೂಲಿಗೆ ಹೋಗುತ್ತದೆ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಸ್ಫೊರ್ಜಾಟೊ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಒಣಗಿಸಿ, ಡಿಸೆಂಬರ್ 1ಕ್ಕಿಂತ ಮೊದಲು ಹಿಂಡಬಾರದೆಂಬ ನಿಯಮ. ಕನಿಷ್ಠ ಮದ್ಯಾಂಶವೇ ಶೇ 14. ಒಣದ್ರಾಕ್ಷಿಯ ಘಮ ಇದ್ದರೂ ಸಿಹಿಯಲ್ಲ. 35ರಿಂದ 70 ಯೂರೋ. ಹೆಚ್ಚಿನವರು ಬೆಲೆ ನೋಡಿ ಎತ್ತಿಕೊಳ್ಳುವ ಬಾಟಲಿ ಇದೇ, ನಾನು ಊಟಕ್ಕೆ ಕೊನೆಗೆ ಶಿಫಾರಸು ಮಾಡುವುದೂ ಇದನ್ನೇ. ಹಳೆಯ ಬಿತ್ತೊ ಚೀಸಿನ ತುಂಡು, ಇಲ್ಲವೇ ವೈನಿನಲ್ಲೇ ಬೇಯಿಸಿದ ಮಾಂಸ ಇದ್ದರೆ ಅದ್ಭುತ. ಉಳಿದ ಊಟವನ್ನು ತುಳಿದುಬಿಡುತ್ತದೆ.

ಪಶ್ಚಿಮದ ಮೂಲೆ

ವಾಲ್ಲೆ ದಾಓಸ್ತಾ ಇಟಲಿಯ ಅತಿ ಚಿಕ್ಕ ಪ್ರಾಂತ್ಯ. ಅಲ್ಲಿನ ತೊರ್ರೆತ್ ವೈನಿನಲ್ಲಿ ಕನಿಷ್ಠ ಶೇ 70 ಪೆತಿ ರೂಜ್ ದ್ರಾಕ್ಷಿ. ಸ್ಕಿಯಾವಾಗಿಂತ ತುಸು ಖಡಕ್, ಫೊಂತೀನಾ ಚೀಸ್ ಕರಗಿಸಿ ಮಾಡುವ ಫೊಂದೂತಾಗೆ ಒಪ್ಪುತ್ತದೆ. ಗಡಿಯಾಚೆ ಪಿಯೆಮೊಂತೆಯ ಕರೇಮಾದಲ್ಲಿ ಕಲ್ಲಿನ ಕಂಬಗಳ ಮೇಲೆ ಚಪ್ಪರ ಹಾಕಿ ನೆಬ್ಬಿಯೋಲೊ ಬೆಳೆಯುತ್ತಾರೆ, ವಾಲ್ತೆಲ್ಲೀನಾ ಮೆಚ್ಚಿದವರಿಗೆ ಮುಂದಿನ ಹೆಜ್ಜೆ ಅದು. ಎರಡೂ ಆ ಭಾಗಕ್ಕೆ ಹೋದವರಿಗೆ ಸಿಕ್ಕಷ್ಟು ಸುಲಭವಾಗಿ ಹೊರಗೆ ಸಿಗುವುದಿಲ್ಲ.

ನಮ್ಮ ಊಟದ ಜೊತೆ

ಖಾರ, ಹುಣಸೆ, ತೆಂಗಿನಕಾಯಿ ಇರುವ ಅಡುಗೆಗೆ ಒಗರು ವೈರಿ. ಹಾಗಾಗಿ ನೆಬ್ಬಿಯೋಲೊ, ಸ್ಫೊರ್ಜಾಟೊ ಎರಡನ್ನೂ ಪಕ್ಕಕ್ಕಿಡಿ. ಕುಂದಾಪುರದ ಕೋಳಿ ತುಪ್ಪದ ರೋಸ್ಟ್, ಬಿಸಿಬೇಳೆಬಾತು, ಎಣ್ಣೆಗಾಯಿ ಇವಕ್ಕೆಲ್ಲ ತಣ್ಣಗಿನ ಸ್ಕಿಯಾವಾ. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೆ ಟೆರೊಲ್ಡೆಗೊ: ಕಪ್ಪು ಹಣ್ಣು ಮಸಾಲೆಯ ಕಪ್ಪಿಗೆ ಸರಿದೂಗುತ್ತದೆ, ಹುಳಿಗೆ ಹುಳಿ ಸಿಗುತ್ತದೆ, ಕೊಬ್ಬು ಇರುವುದರಿಂದ ಅಲ್ಪಸ್ವಲ್ಪ ಒಗರೂ ನಡೆಯುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ಯಾವ ಕೆಂಪು ವೈನನ್ನೂ ಕೋಣೆಯ ಶಾಖದಲ್ಲಿ ಕುಡಿಯಬೇಡಿ. ಕಪಾಟಿನಿಂದ ತೆಗೆದದ್ದನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಮದ್ಯದ ಘಾಟು ಇಳಿಯುತ್ತದೆ.

ದುಡ್ಡು ಮತ್ತು ಸೂಟ್‌ಕೇಸು

15 ಯೂರೋ ಒಳಗಿದ್ದರೆ ಸಾಂತಾ ಮದ್ದಲೇನಾ ಅಥವಾ ಟೆರೊಲ್ಡೆಗೊ, ಮೂರನೆಯದು ನೋಡಲೇಬೇಡಿ. 15ರಿಂದ 25ರ ನಡುವೆ ಲಾಗ್ರೈನ್ ರಿಸೆರ್ವಾಗಿಂತ ರೊಸ್ಸೊ ದಿ ವಾಲ್ತೆಲ್ಲೀನಾ ಹೆಚ್ಚು ಊಟಗಳಿಗೆ ಬರುತ್ತದೆ. ಮೂವತ್ತು ನಲವತ್ತು ಖರ್ಚು ಮಾಡುವ ಮನಸ್ಸಿದ್ದರೆ ಸ್ಫೊರ್ಜಾಟೊದ ಕೆಳದರ್ಜೆಗೆ ಹೋಗುವ ಬದಲು ಸುಪೆರಿಯೋರೆಯ ಮೇಲ್ದರ್ಜೆ ತೆಗೆದುಕೊಳ್ಳಿ.

ಭಾರತದಲ್ಲಿ ಆಮದು ವೈನಿಗೆ ಎಷ್ಟೋ ವರ್ಷ ಶೇ 150ರ ಕಸ್ಟಮ್ಸ್ ಸುಂಕ ಇದ್ದದ್ದರಿಂದ ಹತ್ತು ಯೂರೋ ಬಾಟಲಿ ಇಲ್ಲಿ ಹತ್ತು ಯೂರೋ ಬಾಟಲಿಯಾಗಿ ಸಿಗುವ ಮಾತೇ ಇರಲಿಲ್ಲ. ಪ್ರವಾಸದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಆ ಎರಡರಲ್ಲಿ ಒಂದು ಸಾಂತಾ ಮದ್ದಲೇನಾ, ಇನ್ನೊಂದು ಸಾಸ್ಸೆಲ್ಲಾ ಇರಲಿ. ಮನೆಯಲ್ಲಿ ಮಾಂಸದಡುಗೆ ಜೋರಾಗಿದ್ದರೆ ಸಾಸ್ಸೆಲ್ಲಾ ಬದಲು ಟೆರೊಲ್ಡೆಗೊ ತನ್ನಿ, ಉಳಿದ ದುಡ್ಡಿಗೆ ಒಂದು ತುಂಡು ಚೀಸ್ ಬರುತ್ತದೆ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ಊರಿಗೆ ಬಂದ ಮೇಲೆ ಒಂದೆರಡು ವಾರ ತಂಪು ಜಾಗದಲ್ಲಿ ಅಲುಗಿಸದೆ ಬಿಡಿ. ಸ್ಕಿಯಾವಾ ಮೊದಲು ತೆರೆಯಿರಿ, ಸಾಸ್ಸೆಲ್ಲಾಗೆ ಅವಸರವಿಲ್ಲ.